ಒಂದೇ ಸಂಜೆಗೆ ಮೂರು ಬ್ಯಾಲೆ: ಕಥೆಯಿಲ್ಲದ ನೃತ್ಯದಲ್ಲಿ ನೋಡುವುದೇನು?

ಪ್ರಶ್ನೆ: ಮಗಳು ಲಂಡನ್ನಿನಲ್ಲಿದ್ದಾಳೆ. ಮುಂದಿನ ತಿಂಗಳು ನಾವಿಬ್ಬರೂ ಅಲ್ಲಿಗೆ ಹೋಗುವವರಿದ್ದೇವೆ. ಬ್ಯಾಲೆ ತೋರಿಸುತ್ತೇನೆಂದು ಟಿಕೆಟ್ ತೆಗೆದಿಟ್ಟಿದ್ದಾಳೆ. ‘ಸ್ವಾನ್ ಲೇಕ್’ ಇರಬೇಕು ಅಂದುಕೊಂಡಿದ್ದೆ. ಕೇಳಿದರೆ, ಒಂದೇ ಸಂಜೆಯಲ್ಲಿ ಮೂರು ಬೇರೆ ಬೇರೆ ಚಿಕ್ಕ ಬ್ಯಾಲೆಗಳಂತೆ. ಒಂದು ಹಳೆಯದು, ಉಳಿದೆರಡು ಈಚಿನವು, ಕಥೆಯೇ ಇಲ್ಲವಂತೆ. ಭರತನಾಟ್ಯದ ಕಾರ್ಯಕ್ರಮಗಳನ್ನು ನೋಡಿದ್ದೇನೆ, ಬ್ಯಾಲೆಯನ್ನು ಎಂದೂ ನೋಡಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಮೂರನ್ನು ಯಾಕೆ ಒಟ್ಟಿಗೆ ಹಾಕುತ್ತಾರೆ? ಕಥೆಯಿಲ್ಲದಿದ್ದರೆ ನಮ್ಮಂಥವರು ಅದರಲ್ಲಿ ನೋಡುವುದಾದರೂ ಏನನ್ನು?
(ಓದುಗರೊಬ್ಬರು, ಧಾರವಾಡ)

ಉತ್ತರ: ಮಗಳು ತೆಗೆದಿರುವುದು ಒಳ್ಳೆಯ ಟಿಕೆಟ್. ಮೊದಲ ಸಲ ನೋಡುವವರಿಗೆ ದೊಡ್ಡ ಕಥೆಯ ಬ್ಯಾಲೆಯೇ ಸುಲಭ ಎಂಬ ಮಾತೊಂದಿದೆ. ನಾನು ಅದನ್ನು ಒಪ್ಪುವುದಿಲ್ಲ. ಕಥೆಯ ಬೆನ್ನು ಹತ್ತಿದವರು ‘ಇವಳು ಯಾರು, ಅವನಿಗೆ ಯಾಕೆ ಸಿಟ್ಟು ಬಂತು’ ಎಂದು ಹುಡುಕುವುದರಲ್ಲೇ ಅರ್ಧ ರಾತ್ರಿ ಕಳೆಯುತ್ತಾರೆ. ಕಣ್ಣೆದುರಿನ ನೃತ್ಯ ಅಷ್ಟರಲ್ಲಿ ಜಾರಿಹೋಗಿರುತ್ತದೆ. ಮೂರು ಚಿಕ್ಕ ಕೃತಿಗಳ ಸಂಜೆಯಲ್ಲಿ ಆ ತೊಂದರೆಯಿಲ್ಲ. ಒಂದೇ ತರಬೇತಿಯಲ್ಲಿ ಪಳಗಿದ ದೇಹಗಳು ಮೂರು ಕಾಲದ ಮೂವರು ಸಂಯೋಜಕರ ಕೈಯಲ್ಲಿ ಏನೇನಾಗುತ್ತವೆ ಎಂಬುದು ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ಬೀಳುತ್ತದೆ. ಮೂರನ್ನು ಒಟ್ಟಿಗೆ ಹಾಕುವುದರ ಮುಖ್ಯ ಕಾರಣವೂ ಇದೇ. ಮೊದಲನೆಯದನ್ನು ನೋಡಿ ಹದಗೊಂಡ ಕಣ್ಣಿನಿಂದ ಎರಡನೆಯದನ್ನು ನೋಡುತ್ತೀರಿ, ಎರಡನೆಯದು ಮುಗಿದಾಗ ಮೊದಲನೆಯದೂ ಬೇರೆಯಾಗಿ ಅರ್ಥವಾಗಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಈ ಲಾಭ ಸಿಗದು.

ನಿಮಗೆ ಇದು ಆಗಲೇ ಗೊತ್ತು

ಭರತನಾಟ್ಯ ನೋಡಿದ್ದೇನೆ ಅಂದಿದ್ದೀರಿ. ಹಾಗಿದ್ದರೆ ಇಂಥ ಮಿಶ್ರ ಕಾರ್ಯಕ್ರಮವನ್ನು ನೀವು ಹಲವು ಸಲ ನೋಡಿದ್ದೀರಿ. ಅಲರಿಪು, ಜತಿಸ್ವರ, ಶಬ್ದ, ವರ್ಣ, ಪದ, ಜಾವಳಿ, ತಿಲ್ಲಾನ ಎಂದು ಸಾಗುವ ಮಾರ್ಗದಲ್ಲಿ ಒಂದು ಕೃತಿಯ ಕಥೆ ಮುಂದಿನದಕ್ಕೆ ಹರಿಯುವುದಿಲ್ಲ. ರಾಗ ಬೇರೆ, ತಾಳ ಬೇರೆ, ಕರ್ತೃ ಬೇರೆ. ಆದರೂ ಅದು ಒಂದು ಸಂಜೆಯಾಗಿ ಕೂಡಿಕೊಳ್ಳುತ್ತದೆ. ಈ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಕೂಡಿಸಿಕೊಟ್ಟವರು ತಂಜಾವೂರಿನ ನಾಲ್ವರು ಸಹೋದರರು. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿದ್ದರು. ಜತಿಸ್ವರವನ್ನೋ ತಿಲ್ಲಾನವನ್ನೋ ನೋಡುವಾಗ ‘ಇದರ ಕಥೆಯೇನು’ ಎಂದು ನಾವು ಕೇಳುವುದಿಲ್ಲ. ಅಲ್ಲಿ ಸ್ವರಕ್ಕೆ ಹೆಜ್ಜೆ ಉತ್ತರ ಕೊಡುತ್ತಿರುತ್ತದೆ, ಅಷ್ಟೇ ಸಾಕಾಗಿರುತ್ತದೆ. ನಮ್ಮ ಶಾಸ್ತ್ರ ಅದನ್ನು ನೃತ್ತ ಎಂದು ಬೇರೆಯಾಗಿಯೇ ಗುರುತಿಸಿದೆ. ನಿಮ್ಮ ಮಗಳು ಹೇಳಿದ ಕಥೆಯಿಲ್ಲದ ಬ್ಯಾಲೆಗಳನ್ನೂ ನೃತ್ತವನ್ನು ನೋಡುವ ಕಣ್ಣಿನಿಂದಲೇ ನೋಡಬಹುದು.

ಇನ್ನೊಂದು ಸಾಮ್ಯವೂ ನಿಮಗೆ ನೆರವಾಗುತ್ತದೆ. ಅರಮಂಡಿಯಲ್ಲಿ ಮೊಣಕಾಲುಗಳು ಎರಡು ಪಕ್ಕಕ್ಕೆ ತೆರೆದುಕೊಳ್ಳುವ ಹಾಗೆ ಬ್ಯಾಲೆಯಲ್ಲೂ ಕಾಲು ಸೊಂಟದ ಕೀಲಿನಿಂದಲೇ ಹೊರಕ್ಕೆ ತಿರುಗಬೇಕು. ಅದನ್ನು ಟರ್ನ್‌ಔಟ್ ಎನ್ನುತ್ತಾರೆ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1661ರಲ್ಲಿ ನೃತ್ಯಕ್ಕೊಂದು ಅಕಾಡೆಮಿ ಸ್ಥಾಪಿಸಿದ. ಅವನ ಆಸ್ಥಾನದ ನೃತ್ಯಗುರು ಪಿಯೇರ್ ಬೋಶಾಂ ಪಾದಗಳ ಐದು ಸ್ಥಾನಗಳನ್ನು ನಿಗದಿಮಾಡಿದನೆಂದು ಬ್ಯಾಲೆಯ ಪರಂಪರೆ ಹೇಳುತ್ತದೆ. ಇಂದಿಗೂ ಪ್ರತಿ ಬ್ಯಾಲೆ ನರ್ತಕಿಯ ಬೆಳಗು ಆ ಐದು ಸ್ಥಾನಗಳಿಂದಲೇ ಶುರುವಾಗುತ್ತದೆ. ವ್ಯತ್ಯಾಸ ಭಾರದ ದಿಕ್ಕಿನಲ್ಲಿದೆ. ನಮ್ಮ ನರ್ತಕಿ ನೆಲಕ್ಕೆ ಇಳಿದು, ನೆಲವನ್ನು ತಟ್ಟಿ, ಅಲ್ಲಿಂದ ಬಲ ಪಡೆಯುತ್ತಾಳೆ. ಬ್ಯಾಲೆ ನರ್ತಕಿ ನೆಲ ಬಿಟ್ಟು ಮೇಲೆದ್ದಂತೆ ಕಾಣಬೇಕು. ತುದಿಗಾಲಿಗೆ ಗಟ್ಟಿ ಆಧಾರ ಕೊಡುವ ಪಾಯಿಂಟ್ ಶೂ ಇರುವುದು ಅದಕ್ಕಾಗಿ. ಈ ಒಂದು ಎಳೆಯನ್ನು, ಅಂದರೆ ದೇಹದ ಭಾರ ಎಲ್ಲಿದೆ ಎಂಬುದನ್ನು, ಸಂಜೆಯುದ್ದಕ್ಕೂ ಗಮನಿಸುತ್ತ ಹೋಗಿ. ಹಳೆಯ ಕೃತಿಯಿಂದ ಹೊಸದಕ್ಕೆ ಬಂದಂತೆ ಬದಲಾಗುವುದರಲ್ಲಿ ಹೆಚ್ಚಿನದು ಅದೇ.

ಮೂರು ಕೃತಿಗಳ ಸಂಜೆ ಎಲ್ಲಿಂದ ಬಂತು?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬ್ಯಾಲೆಯೆಂದರೆ ಇಡೀ ರಾತ್ರಿಯ ವೈಭವ. ಮಾರಿಯಸ್ ಪೆಟಿಪಾ ಸಂಯೋಜಿಸಿದ ‘ಸ್ಲೀಪಿಂಗ್ ಬ್ಯೂಟಿ’ (1890) ಅದರ ಶಿಖರ. ಆಗಲೂ ರಂಗಮಂದಿರಗಳು ಬಿಡಿ ಕೃತಿಗಳನ್ನು ಜೋಡಿಸುತ್ತಿದ್ದವು. ಇಂದು ಕ್ರಿಸ್‌ಮಸ್ ಬಂತೆಂದರೆ ಯುರೋಪು, ಅಮೆರಿಕಗಳ ಊರೂರಲ್ಲಿ ನಡೆಯುವ ‘ನಟ್‌ಕ್ರ್ಯಾಕರ್’ 1892ರ ಡಿಸೆಂಬರಿನಲ್ಲಿ ಮೊದಲು ರಂಗಕ್ಕೆ ಬಂದಾಗ ಒಂಟಿಯಾಗಿರಲಿಲ್ಲ. ಅದೇ ಸಂಜೆ, ಅದಕ್ಕೆ ಸಂಗೀತ ಬರೆದ ಚೈಕೋವ್‌ಸ್ಕಿಯದೇ ‘ಇಯೊಲಾಂಟಾ’ ಎಂಬ ಒಪೆರಾ ಅದರ ಜೊತೆಗಿತ್ತು. ನೀವು ನಿರೀಕ್ಷಿಸಿದ್ದ ‘ಸ್ವಾನ್ ಲೇಕ್’ ಕೂಡ ಇದಕ್ಕೆ ಹೊರತಲ್ಲ. 1877ರ ಮಾಸ್ಕೋ ಪ್ರಯೋಗ ನೆಲೆ ನಿಲ್ಲಲಿಲ್ಲ. ಚೈಕೋವ್‌ಸ್ಕಿ ತೀರಿಕೊಂಡ ಮೇಲೆ, 1894ರಲ್ಲಿ ಅವರ ನೆನಪಿನ ಕಾರ್ಯಕ್ರಮವೊಂದರಲ್ಲಿ ಲೆವ್ ಇವಾನೋವ್ ಸಂಯೋಜಿಸಿದ ಸರೋವರದ ಅಂಕವೊಂದನ್ನೇ ಆಡಿ ತೋರಿಸಿದರು. ಅದರ ಮರುವರ್ಷ ಪೂರ್ಣ ಬ್ಯಾಲೆ ಬಂತು. ಜಗತ್ತು ಇಂದು ಹಿಡಿದುಕೊಂಡಿರುವುದು ಆ 1895ರ ರೂಪವನ್ನು.

ಚಿಕ್ಕ ಕೃತಿಗೆ ತನ್ನದೇ ಮಾನ ತಂದುಕೊಟ್ಟವರು ಸೆರ್ಗೆಯ್ ಡಿಯಾಗಿಲೆವ್. 1909ರ ಮೇ ತಿಂಗಳಲ್ಲಿ ಅವರು ರಷ್ಯದ ನರ್ತಕರನ್ನು ಪ್ಯಾರಿಸ್ಸಿಗೆ ಕರೆತಂದರು. ಅವರ ಜೊತೆಗಿದ್ದ ಸಂಯೋಜಕ ಮಿಖಾಯಿಲ್ ಫೋಕಿನ್ ಒಂದು ಮಾತಿಗೆ ಅಂಟಿಕೊಂಡಿದ್ದರು: ಪ್ರತಿ ಬ್ಯಾಲೆಗೂ ಅದರ ವಸ್ತುವಿಗೆ, ಕಾಲಕ್ಕೆ, ಸಂಗೀತಕ್ಕೆ ತಕ್ಕ ಚಲನೆಯನ್ನು ಹೊಸದಾಗಿ ಹುಡುಕಬೇಕು. ಹಾಗೆ ಹುಡುಕಿದ ಚಲನೆಯನ್ನು ನಾಲ್ಕು ಅಂಕಕ್ಕೆ ಹಿಗ್ಗಿಸುವ ಅಗತ್ಯ ಬೀಳಲಿಲ್ಲ. ಅರ್ಧ ಗಂಟೆಯಲ್ಲಿ ಹೇಳುವುದನ್ನೆಲ್ಲ ಹೇಳಿ ಮುಗಿಸಬಹುದಿತ್ತು. ಹಾಗಾಗಿ ಒಂದು ಸಂಜೆಗೆ ಮೂರೋ ನಾಲ್ಕೋ ಕೃತಿಗಳನ್ನಿಡುವುದು ಅವರ ತಂಡದ ರೂಢಿಯಾಯಿತು. ಸ್ಟ್ರಾವಿನ್‌ಸ್ಕಿಯಂಥ ಯುವ ಸಂಗೀತಗಾರರಿಗೆ, ಪಿಕಾಸೊನಂಥ ಚಿತ್ರಕಾರರಿಗೆ ರಂಗದ ಬಾಗಿಲು ತೆರೆದದ್ದು ಈ ಚಿಕ್ಕ ಕೃತಿಗಳಿಂದ.

ಜೋಡಣೆಗೆ ಎಷ್ಟು ಬಲವಿದೆ ಎಂಬುದಕ್ಕೆ 1913ರ ಮೇ 29ರ ರಾತ್ರಿಯೇ ಸಾಕ್ಷಿ. ಸ್ಟ್ರಾವಿನ್‌ಸ್ಕಿ ಸಂಗೀತದ, ನಿಜಿನ್‌ಸ್ಕಿ ಸಂಯೋಜಿಸಿದ ‘ರೈಟ್ ಆಫ್ ಸ್ಪ್ರಿಂಗ್’ ಪ್ಯಾರಿಸ್ಸಿನ ಶಾಂಜೆಲಿಜೆ ರಂಗಮಂದಿರದಲ್ಲಿ ಮೊದಲ ಪ್ರಯೋಗ ಕಂಡು, ಪ್ರೇಕ್ಷಕರು ಕೂಗಾಡಿ ಗದ್ದಲವಾದ ಕಥೆಯನ್ನು ನೀವೂ ಕೇಳಿರಬಹುದು. ಅದು ಮಿಶ್ರ ಕಾರ್ಯಕ್ರಮವಾಗಿತ್ತು ಎಂಬುದನ್ನು ಹೇಳುವವರು ಕಡಿಮೆ. ಅದಕ್ಕೆ ಮೊದಲು ಆಡಿದ್ದು ಶೋಪ್ಯಾಂನ ಪಿಯಾನೊ ಕೃತಿಗಳಿಗೆ ಫೋಕಿನ್ ಮಾಡಿದ ‘ಲೆ ಸಿಲ್ಫಿದ್’: ಬೆಳದಿಂಗಳು, ಉದ್ದನೆಯ ಬಿಳಿ ಲಂಗಗಳು, ಸದ್ದಿಲ್ಲದ ತುದಿಗಾಲ ನಡೆ. ಆ ಮೆದುತನದಲ್ಲಿ ಕರಗಿ ಕುಳಿತಿದ್ದ ಜನರ ಎದುರಿಗೆ ಪಾದಗಳನ್ನು ಒಳಕ್ಕೆ ತಿರುಗಿಸಿ, ಕತ್ತು ಬಾಗಿಸಿ, ನೆಲ ನಡುಗುವಂತೆ ಕುಣಿಯುವ ಗುಂಪೊಂದು ಬಂತು. ಇನ್ನೂರೈವತ್ತು ವರ್ಷ ಹೊರಕ್ಕೆ ತಿರುಗಿದ್ದ ಪಾದ ಒಳಕ್ಕೆ ತಿರುಗಿದರೆ ಎಷ್ಟು ದೊಡ್ಡ ಮಾತಾಗುತ್ತದೆ ಎಂಬುದು, ಅರ್ಧ ಗಂಟೆಯ ಹಿಂದಷ್ಟೇ ಹೊರಕ್ಕೆ ತಿರುಗಿದ್ದನ್ನು ನೋಡಿದವರಿಗೆ ಅರ್ಥವಾದಷ್ಟು ಬೇರೆಯವರಿಗೆ ಅರ್ಥವಾಗದು.

ಹಳೆಯ ಕೃತಿಯಲ್ಲಿ ನೋಡುವುದು: ಸಾಲು

ನಿಮ್ಮ ಸಂಜೆಯ ಮೂರು ಕೃತಿಗಳ ಹೆಸರನ್ನು ನೀವು ಬರೆದಿಲ್ಲ. ಹಾಗಾಗಿ ಇಂಥ ಕಾರ್ಯಕ್ರಮಗಳಿಗೆ ಹೊಂದುವ ಕೆಲವನ್ನು ಆರಿಸಿಕೊಂಡು ಹೇಳುತ್ತೇನೆ. ನೋಡುವ ಬಗೆ ತಿಳಿದರೆ ಹೆಸರು ಯಾವುದಾದರೂ ನಡೆಯುತ್ತದೆ.

ಹಳೆಯದೆಂದರೆ ನನಗೆ ಮೊದಲು ನೆನಪಾಗುವುದು ‘ಲಾ ಬಯಾದೇರ್’ ಬ್ಯಾಲೆಯ ನೆರಳುಗಳ ಅಂಕ. ಪೆಟಿಪಾ 1877ರಲ್ಲಿ, ಲುಡ್ವಿಗ್ ಮಿಂಕುಸ್ ಸಂಗೀತಕ್ಕೆ ಮಾಡಿದ ಈ ಬ್ಯಾಲೆಯ ಕಥೆ ನಡೆಯುವುದು ಭಾರತದಲ್ಲಿ. ದೇವಾಲಯದ ನರ್ತಕಿ ನಿಕಿಯಾ, ಅವಳ ಪ್ರೇಮಿ ಯೋಧ ಸೊಲೋರ್, ಒಬ್ಬ ರಾಜಕುಮಾರಿ, ವಿಷದ ಹಾವು. ಅದು ಯುರೋಪು ಕಲ್ಪಿಸಿಕೊಂಡ ಭಾರತ, ನಮ್ಮದಲ್ಲ. 1838ರಲ್ಲಿ ಪುದುಚೇರಿಯ ಕಡೆಯಿಂದ ಹೋದ ದೇವದಾಸಿಯರ ಚಿಕ್ಕ ತಂಡವೊಂದು ಪ್ಯಾರಿಸ್ಸಿನಲ್ಲಿ ಕುಣಿದಿತ್ತು. ಅವರಲ್ಲಿ ಅಮ್ಮಣಿ ಎಂಬಾಕೆಯನ್ನು ಕವಿ ತೆಯೋಫಿಲ್ ಗೋತಿಯೆ ಬಾಯಿತುಂಬ ಹೊಗಳಿ ಬರೆದ. ಮುಂದೆ ಅದೇ ಗೋತಿಯೆ ಶಾಕುಂತಲದ ಕಥೆಯನ್ನು ಬ್ಯಾಲೆಗೆ ಬರೆದುಕೊಟ್ಟಾಗ, 1858ರಲ್ಲಿ ಅದನ್ನು ಸಂಯೋಜಿಸಿದ್ದು ಪೆಟಿಪಾನ ಅಣ್ಣ ಲೂಸಿಯೆಂ. ನಿಜವಾದ ನರ್ತಕಿಯರನ್ನು ಕಂಡ ನೆನಪು ಹೀಗೆ ಕೈಯಿಂದ ಕೈಗೆ ದಾಟುತ್ತ, ನಾಲ್ಕು ದಶಕದಲ್ಲಿ ಬಯಾದೇರ್ ತಲುಪುವ ಹೊತ್ತಿಗೆ ಪೂರಾ ಕಟ್ಟುಕಥೆಯಾಗಿತ್ತು. ಭಾರತೀಯರಾಗಿ ನೋಡುವಾಗ ಇದು ನಮ್ಮ ಗಮನದಲ್ಲಿರಬೇಕು.

ಆದರೆ ನೆರಳುಗಳ ಅಂಕ ಬಂದಾಗ ಆ ಕಟ್ಟುಕಥೆಯೆಲ್ಲ ಹಿಂದೆ ಸರಿಯುತ್ತದೆ. ನಿಕಿಯಾ ಸತ್ತಿದ್ದಾಳೆ. ಸೊಲೋರ್ ಅಫೀಮಿನ ಮಂಪರಿನಲ್ಲಿದ್ದಾನೆ. ಕತ್ತಲ ಇಳಿಜಾರಿನ ತುದಿಯಲ್ಲಿ ಬಿಳಿ ಉಡುಗೆಯ ಒಬ್ಬಳು ಕಾಣಿಸಿಕೊಂಡು, ಒಂದು ಕಾಲಮೇಲೆ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುತ್ತಾಳೆ. ಅದು ಅರಬೆಸ್ಕ್ ಎಂಬ ಭಂಗಿ. ಆಮೇಲೆ ಎರಡು ಹೆಜ್ಜೆ ಇಡುತ್ತಾಳೆ, ಮತ್ತೆ ಅದೇ ಭಂಗಿ. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ತಂಡಕ್ಕೆ ತಕ್ಕಂತೆ ಇಪ್ಪತ್ನಾಲ್ಕೋ ಮೂವತ್ತೆರಡೋ ನರ್ತಕಿಯರು ಇಡೀ ರಂಗವನ್ನು ತುಂಬುವವರೆಗೆ ಇದೇ ನಡೆಯುತ್ತದೆ. ಹೊಸ ಹೆಜ್ಜೆ ಒಂದೂ ಇಲ್ಲ. ಮೊದಲು ಇಳಿದವಳು ಆ ಭಂಗಿಯನ್ನು ಹತ್ತಾರು ಸಲ ಮಾಡಬೇಕು, ಒಂದು ಸಲವೂ ಅಲುಗಾಡಬಾರದು. ದುಃಖ ಹೇಗೆ ಒಂದೇ ನೆನಪನ್ನು ಮತ್ತೆ ಮತ್ತೆ ತರುತ್ತದೋ ಅದನ್ನು ಈ ಪುನರಾವರ್ತನೆ ಮಾತಿಲ್ಲದೆ, ಅಭಿನಯವಿಲ್ಲದೆ ತೋರಿಸುತ್ತದೆ. ಕಥೆಯ ಬ್ಯಾಲೆಯ ಹೊಟ್ಟೆಯಲ್ಲೇ 1877ರಷ್ಟು ಹಿಂದೆ ಕಥೆಯಿಲ್ಲದ ಬ್ಯಾಲೆ ಹುಟ್ಟಿತ್ತು. ಪಶ್ಚಿಮ ಯುರೋಪಿಗೆ ಈ ಅಂಕ ಬಿಡಿಯಾಗಿಯೇ ಬಂತು. ರಷ್ಯದಿಂದ ಹೊರಬಂದ ರುಡಾಲ್ಫ್ ನುರೆಯೆವ್ 1963ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಗೆ ಇದೊಂದನ್ನೇ ಕಲಿಸಿಕೊಟ್ಟರು. ಅಂದಿನಿಂದ ಮಿಶ್ರ ಸಂಜೆಗಳಲ್ಲಿ ಇದಕ್ಕೊಂದು ಜಾಗವಿದೆ.

ಹಾಗಾಗಿ ಹಳೆಯ ಕೃತಿಯನ್ನು ನೋಡುವಾಗ ಮುಂದೆ ನಿಂತ ನಾಯಕಿಯ ಮೇಲಷ್ಟೇ ಕಣ್ಣಿಡಬೇಡಿ. ಹಿಂದಿನ ಸಾಲನ್ನು ನೋಡಿ. ಅದನ್ನು ಕೋರ್ ದ ಬ್ಯಾಲೆ ಎನ್ನುತ್ತಾರೆ. ಒಂದು ತಂಡದ ಯೋಗ್ಯತೆ ಗೊತ್ತಾಗುವುದು ಆ ಸಾಲಿನಲ್ಲಿ.

ನಡುವಿನ ಕೃತಿಯಲ್ಲಿ ನೋಡುವುದು: ಸಂಗೀತ

ಹಳೆಯದಕ್ಕೂ ಇಂದಿನದಕ್ಕೂ ನಡುವೆ ಸೇತುವೆ ಕಟ್ಟಿದವರು ಜಾರ್ಜ್ ಬಾಲಂಚೀನ್. ಪೀಟರ್ಸ್‌ಬರ್ಗಿನಲ್ಲಿ 1904ರಲ್ಲಿ ಹುಟ್ಟಿ, ಡಿಯಾಗಿಲೆವ್ ತಂಡದಲ್ಲಿ ದುಡಿದು, 1933ರಲ್ಲಿ ಅಮೆರಿಕ ಸೇರಿದರು. ಅಲ್ಲಿ ಅವರು ಮೊದಲು ಮಾಡಿದ ಬ್ಯಾಲೆ ‘ಸೆರೆನೇಡ್’ (1934), ಚೈಕೋವ್‌ಸ್ಕಿಯ ತಂತಿವಾದ್ಯಗಳ ಕೃತಿಗೆ. ತಮ್ಮ ನೃತ್ಯಶಾಲೆಯ ವಿದ್ಯಾರ್ಥಿನಿಯರಿಗಾಗಿ ಮಾಡಿದ್ದು. ಮೊದಲ ದಿನ ಹದಿನೇಳು ಹುಡುಗಿಯರು ಬಂದಿದ್ದರಂತೆ, ಹದಿನೇಳು ಜನಕ್ಕೇ ಆರಂಭ ಕಟ್ಟಿದರು. ಒಬ್ಬಳು ತಡವಾಗಿ ಬಂದಳು, ಇನ್ನೊಬ್ಬಳು ಬಿದ್ದಳು. ಎರಡನ್ನೂ ನೃತ್ಯದೊಳಗೆ ಸೇರಿಸಿಕೊಂಡರು. ಇಂದು ನೋಡುವವರಿಗೆ ಸಾಲಿನಲ್ಲಿ ತನ್ನ ಜಾಗ ಹುಡುಕುತ್ತ ಬರುವ ಆ ಒಬ್ಬಳು ಯಾವುದೋ ದೊಡ್ಡ ಕಥೆಯ ನಾಯಕಿಯಂತೆ ಕಾಣುತ್ತಾಳೆ. ಬಾಲಂಚೀನ್ ಕಥೆ ಹೇಳಲಿಲ್ಲ. ಆದರೆ ಒಂದು ಗುಂಪು, ಅದರಿಂದ ಬೇರೆಯಾದ ಒಬ್ಬಳು, ನೋವು ತುಂಬಿದ ಸಂಗೀತ ಇಷ್ಟು ಸೇರಿದರೆ ನೋಡುವವರ ಮನಸ್ಸು ತನಗೆ ಬೇಕಾದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಈಗ ಆಡುವ ರೂಪದಲ್ಲಿ ಚೈಕೋವ್‌ಸ್ಕಿಯ ಕೊನೆಯ ಎರಡು ಭಾಗಗಳು ಅದಲುಬದಲಾಗಿವೆ. ಹುರುಪಿನ ಭಾಗ ಮೊದಲಾಗಿ, ಶೋಕದ ಭಾಗ ಕೊನೆಗೆ ಬರುತ್ತದೆ. ಆ ಒಂದು ಬದಲಾವಣೆಯಿಂದ ಕೃತಿಯ ಅರ್ಥವೇ ಬೇರೆಯಾಯಿತು.

ಸಂಗೀತವನ್ನು ಕಣ್ಣಿನಿಂದ ಕೇಳುವುದನ್ನು ಕಲಿಯಬೇಕೆಂದಿದ್ದರೆ ಅವರ ‘ಕಂಚೆರ್ಟೊ ಬರೊಕ್ಕೊ’ (1941) ನೋಡಬೇಕು. ಬಾಖ್ ಎರಡು ಪಿಟೀಲುಗಳಿಗೆ ಬರೆದ ಕೃತಿ ಅದು. ರಂಗದ ಮೇಲೆ ಇಬ್ಬರು ನರ್ತಕಿಯರು, ಒಬ್ಬೊಬ್ಬಳೂ ಒಂದೊಂದು ಪಿಟೀಲಿನ ದನಿ. ಒಬ್ಬಳು ನುಡಿದದ್ದನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಾಳೆ, ಬೆನ್ನಟ್ಟುತ್ತಾಳೆ, ಹಿಡಿದು ದಾಟುತ್ತಾಳೆ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಸ್ವರ ವಿನಿಮಯ ಕೇಳಿದ ಕಿವಿಗೆ ಈ ಆಟ ಹಿಡಿಯಲು ಹೊತ್ತು ಬೇಕಾಗುವುದಿಲ್ಲ.

ಕಥೆಯಿಲ್ಲ ಎಂದ ಮಾತ್ರಕ್ಕೆ ಜಗತ್ತು ಹೊರಗೆ ಉಳಿಯುವುದೂ ಇಲ್ಲ. ಬಾಲಂಚೀನ್‌ರ ‘ಆಗಾನ್’ 1957ರಲ್ಲಿ ನ್ಯೂಯಾರ್ಕಿನಲ್ಲಿ ರಂಗಕ್ಕೆ ಬಂತು. ಹನ್ನೆರಡು ನರ್ತಕರು, ಅಭ್ಯಾಸದ ಕಪ್ಪು-ಬಿಳಿ ಉಡುಗೆ, ಸ್ಟ್ರಾವಿನ್‌ಸ್ಕಿಯ ಚೂಪಾದ ಸಂಗೀತ. ಅದರ ನಡುವೆ ಗಂಡು ಹೆಣ್ಣಿನ ಯುಗಳ ನೃತ್ಯ, ಬ್ಯಾಲೆಯವರು ಪಾ ದ ದೋ ಎನ್ನುವಂಥದ್ದು, ಕೈಗೆ ಕೈ ಕಾಲಿಗೆ ಕಾಲು ಹೆಣೆದುಕೊಂಡು ನಡೆಯುತ್ತದೆ. ಆಡಿದವರು ಕರಿಯ ಜನಾಂಗದ ಆರ್ಥರ್ ಮಿಚೆಲ್ ಮತ್ತು ಬಿಳಿಯ ಜನಾಂಗದ ಡಯಾನಾ ಆಡಮ್ಸ್. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥ ಇಬ್ಬರ ಮದುವೆ ಕಾನೂನುಬಾಹಿರವಾಗಿದ್ದ ಕಾಲ ಅದು. ಯಾವ ಪಾತ್ರವೂ ಇಲ್ಲದ, ಯಾವ ಘೋಷಣೆಯೂ ಇಲ್ಲದ ಆ ನೃತ್ಯ ಹೇಳಿದ್ದೇನು ಎಂಬುದು ಅಂದು ಕುಳಿತು ನೋಡಿದವರಿಗೆ ಬಿಡಿಸಿ ಹೇಳಬೇಕಾದದ್ದಾಗಿರಲಿಲ್ಲ. ಮುಂದೆ ಮಿಚೆಲ್ 1969ರಲ್ಲಿ ‘ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್’ ಕಟ್ಟಿ ಕರಿಯ ನರ್ತಕರಿಗೆ ಬ್ಯಾಲೆಯ ಬಾಗಿಲು ತೆರೆದರು.

ಲಂಡನ್ನಿನಲ್ಲಿ ನೋಡುವವರು ಫ್ರೆಡರಿಕ್ ಆಶ್ಟನ್ ಹೆಸರನ್ನೂ ತಿಳಿದಿರಬೇಕು. ಯುದ್ಧದ ಕಾಲದಲ್ಲಿ ಜನರು ಜೋಡಿಯಾಗಿ ಕುಣಿಯುವ ಹಾಲ್ ಆಗಿದ್ದ ಕೋವೆಂಟ್ ಗಾರ್ಡನ್ ರಂಗಮಂದಿರ 1946ರಲ್ಲಿ ಮತ್ತೆ ತೆರೆದಾಗ, ಅಲ್ಲಿಗಾಗಿ ಅವರು ಮಾಡಿದ ‘ಸಿಂಫನಿಕ್ ವೇರಿಯೇಷನ್ಸ್’ನಲ್ಲಿ ಬರೀ ಆರು ಜನ. ಆರಂಭದಿಂದ ಕೊನೆಯವರೆಗೆ ಆರೂ ಜನ ರಂಗದ ಮೇಲೇ ಇರುತ್ತಾರೆ. ಒಬ್ಬರು ಕುಣಿಯುವಾಗ ಉಳಿದವರು ನಿಶ್ಚಲವಾಗಿ ನಿಂತಿರುತ್ತಾರೆ. ಆ ನಿಲ್ಲುವಿಕೆಯೂ ನೃತ್ಯದ ಭಾಗವೇ ಎಂಬುದು ನಿಮಗೆ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ.

ಹೊಸ ಕೃತಿಯಲ್ಲಿ ನೋಡುವುದು: ಭಾರ

ಇನ್ನು ಈಚಿನವು. ಇಲ್ಲಿ ಸಂಗೀತ ಕರ್ಕಶವೆನಿಸಬಹುದು, ಉಡುಗೆ ಈಜುಡುಗೆಯಷ್ಟೇ ಇರಬಹುದು, ಬೆನ್ನು ಹಾವಿನಂತೆ ಬಳುಕಬಹುದು. ಗಾಬರಿಯಾಗಬೇಡಿ. ಮೊದಲ ಎರಡು ಕೃತಿ ನೋಡಿದ ಕಣ್ಣಿಗೆ ಇದರಲ್ಲೂ ಹಳೆಯದು ಕಾಣುತ್ತದೆ.

ವಿಲಿಯಂ ಫೋರ್ಸೈತ್ ಅವರ ‘ಇನ್ ದ ಮಿಡಲ್, ಸಮ್‌ವಾಟ್ ಎಲಿವೇಟೆಡ್’ 1987ರಲ್ಲಿ ಪ್ಯಾರಿಸ್ ಒಪೆರಾ ಬ್ಯಾಲೆಗಾಗಿ ಮಾಡಿದ್ದು. ಆಗ ಅಲ್ಲಿ ನಿರ್ದೇಶಕರಾಗಿದ್ದವರು, ಅದನ್ನು ಮಾಡಿಸಿದವರು ಅದೇ ನುರೆಯೆವ್. ಬರಿದಾದ ರಂಗ, ನಡುವೆ ಎತ್ತರದಲ್ಲಿ ತೂಗುವ ಎರಡು ಬಂಗಾರದ ಚೆರ್ರಿ ಹಣ್ಣು, ಟಾಮ್ ವಿಲೆಮ್ಸ್‌ರ ಗುಡುಗುವ ಎಲೆಕ್ಟ್ರಾನಿಕ್ ಸಂಗೀತ, ಒಂಬತ್ತು ನರ್ತಕರು. ಪ್ರತಿ ಹೆಜ್ಜೆಯೂ ಹಳೆಯ ಬ್ಯಾಲೆಯದೇ. ಆದರೆ ಸಮತೋಲ ಇನ್ನೇನು ತಪ್ಪುತ್ತದೆ ಎನ್ನುವ ಅಂಚಿಗೆ ಫೋರ್ಸೈತ್ ಅದನ್ನು ತಳ್ಳುತ್ತಾರೆ. ನೆರಳುಗಳ ಅಂಕದಲ್ಲಿ ಅಲುಗದೆ ನಿಂತ ಅರಬೆಸ್ಕ್ ಇಲ್ಲಿ ಬೀಳುವ ಮೊದಲಿನ ಒಂದು ಗಳಿಗೆಯಾಗಿರುತ್ತದೆ.

ರಾಯಲ್ ಬ್ಯಾಲೆಯಲ್ಲಿ 2006ರ ನವೆಂಬರಿನಲ್ಲಿ ಮೂರು ಕೃತಿಗಳ ಒಂದು ಸಂಜೆಯಿತ್ತು: ಬಾಲಂಚೀನ್‌ರ ‘ಫೋರ್ ಟೆಂಪರಮೆಂಟ್ಸ್’ (1946), ವೇಯ್ನ್ ಮೆಕ್‌ಗ್ರೆಗರ್‌ರ ‘ಕ್ರೋಮಾ’, ಕ್ರಿಸ್ಟೊಫರ್ ವ್ಹೀಲ್ಡನ್‌ರ ‘ಡಿಜಿವಿ’. ಕೊನೆಯ ಎರಡೂ ಅಂದೇ ಮೊದಲು ಪ್ರದರ್ಶನಗೊಂಡವು. ‘ಕ್ರೋಮಾ’ದಲ್ಲಿ ವಾಸ್ತುಶಿಲ್ಪಿ ಜಾನ್ ಪಾಸನ್ ಕಟ್ಟಿದ ಬಿಳಿಯ ಖಾಲಿ ಆವರಣ, ಹತ್ತು ಜನ, ಪಾಯಿಂಟ್ ಶೂ ಇಲ್ಲ. ಬ್ಯಾಲೆಯಲ್ಲಿ ಕಂಬದಂತೆ ನಿಲ್ಲಬೇಕಾದ ಬೆನ್ನುಹುರಿ ಇಲ್ಲಿ ಅಲೆಅಲೆಯಾಗಿ ಒಡೆಯುತ್ತದೆ. ಇದು ಹೊಸತು ಎಂದು ಅನಿಸುವಷ್ಟರಲ್ಲೇ, ಅದೇ ಸಂಜೆ ನೋಡಿದ ಬಾಲಂಚೀನ್ ಅರವತ್ತು ವರ್ಷದ ಹಿಂದೆಯೇ ಸೊಂಟವನ್ನು ಮುಂದಕ್ಕೆ ತಳ್ಳಿ, ಬೆನ್ನನ್ನು ಬಾಗಿಸಿ ಈ ದಾರಿಯನ್ನು ಕಡಿದಿದ್ದರು ಎಂಬುದೂ ಹೊಳೆಯುತ್ತದೆ. ಜೋಡಿಸುವವರಿಗೆ ಕಣ್ಣಿದ್ದರೆ ಸಂಜೆ ಹೀಗೆ ತಾನೇ ಪಾಠ ಹೇಳುತ್ತದೆ. ‘ಕ್ರೋಮಾ’ ಆದ ಕೂಡಲೇ ಮೆಕ್‌ಗ್ರೆಗರ್ ಆ ತಂಡದ ಖಾಯಂ ಸಂಯೋಜಕರಾದರು.

ನನ್ನನ್ನು ಬಹುವಾಗಿ ಕಾಡಿರುವುದು ಕ್ರಿಸ್ಟಲ್ ಪೈಟ್ ಅವರ ‘ಫ್ಲೈಟ್ ಪ್ಯಾಟರ್ನ್’ (2017). ಅದೂ ಮೂರು ಕೃತಿಗಳ ಸಂಜೆಯೊಂದರಲ್ಲಿ ಮೊದಲು ಬಂತು. ಗೊರೆಟ್ಸ್ಕಿಯ ಮೂರನೆಯ ಸಿಂಫನಿಯ ನಿಧಾನವಾದ ಶೋಕ, ಮಾಸಿದ ಕೋಟು ತೊಟ್ಟ ಮೂವತ್ತಾರು ಜನ, ಊರು ಬಿಟ್ಟು ಹೊರಟ ನಿರಾಶ್ರಿತರ ಸಾಲು. ಅವರು ಒಟ್ಟಿಗೆ ಬಾಗುತ್ತಾರೆ, ಒಟ್ಟಿಗೆ ಒಂದು ಹೆಜ್ಜೆ ಇಡುತ್ತಾರೆ, ಒಟ್ಟಿಗೆ ಆಕಾಶ ನೋಡುತ್ತಾರೆ. ಇದು ಪೆಟಿಪಾನ ನೆರಳುಗಳ ಸಾಲಿನ ವಂಶದ್ದೇ. ನೂರ ನಲವತ್ತು ವರ್ಷ ಕೋರ್ ದ ಬ್ಯಾಲೆಗೆ ಹೇಳಿಕೊಟ್ಟ ಶಿಸ್ತು, ಎಲ್ಲರೂ ಒಂದೇ ಉಸಿರಿಗೆ ಚಲಿಸುವ ಶಿಸ್ತು, ಇಲ್ಲಿ ಮಂಪರಿನ ಕನಸಿಗೆ ಬದಲಾಗಿ ಗಡಿಯಲ್ಲಿ ಕಾಯುವ ಜನರ ದೇಹಕ್ಕೆ ಒದಗಿದೆ. ಭಾರ ಮೇಲಕ್ಕೆ ಏಳುವುದಿಲ್ಲ, ಹೆಗಲ ಮೇಲೆ ಕೂತಿದೆ. ಹಳೆಯದನ್ನು ಬಲ್ಲವರಿಗೆ ಈ ಸಾಲು ಇಮ್ಮಡಿಯಾಗಿ ತಟ್ಟುತ್ತದೆ.

ಭಾರದ ಮಾತು ಬಂದಾಗ ಅಕ್ರಮ್ ಖಾನ್ ಅವರನ್ನು ಬಿಡುವಂತಿಲ್ಲ. ಬಾಂಗ್ಲಾದೇಶದ ಮೂಲದ ಕುಟುಂಬದಿಂದ ಬಂದು ಲಂಡನ್ನಿನಲ್ಲಿ ಬೆಳೆದು ಕಥಕ್ ಕಲಿತ ಖಾನ್, ಇಂಗ್ಲಿಷ್ ನ್ಯಾಷನಲ್ ಬ್ಯಾಲೆಗೆ 2014ರಲ್ಲಿ ‘ಡಸ್ಟ್’ ಮಾಡಿಕೊಟ್ಟರು. ಮೊದಲ ಮಹಾಯುದ್ಧದ ನೆನಪಿಗೆ ಏರ್ಪಡಿಸಿದ್ದ ಚಿಕ್ಕ ಕೃತಿಗಳ ಸಂಜೆ ಅದು. ಗಂಡಸರು ಯುದ್ಧಕ್ಕೆ ಹೋದ ಮೇಲೆ ಕಾರ್ಖಾನೆಗಳಿಗೆ ಹೊಕ್ಕ ಹೆಂಗಸರ ಬದುಕು ಅದರ ವಸ್ತು. ತಂಡದ ಆಗಿನ ನಿರ್ದೇಶಕಿ ತಮಾರಾ ರೋಹೊ ತಾವೇ ಮುಂದೆ ನಿಂತು ಆಡಿದರು. ಗಾಳಿಗೆ ಹಾರುವಂತೆ ಪಳಗಿದ ನರ್ತಕಿಯರು ಅಲ್ಲಿ ಮಂಡಿ ಬಗ್ಗಿಸಿ ನೆಲಕ್ಕೆ ಇಳಿದರು. ನಮ್ಮ ನೃತ್ಯ ಬಲ್ಲವರಿಗೆ ಆ ಇಳಿಯುವಿಕೆ ಚಿರಪರಿಚಿತ.

ಈ ಕೊಡುಕೊಳೆಗೆ ಬೆಂಗಳೂರಿನ ನಂಟೂ ಇದೆ. ಇಲ್ಲೇ ಹುಟ್ಟಿದ ರಾಮ್ ಗೋಪಾಲ್ 1939ರಲ್ಲಿ ಲಂಡನ್ನಿನ ರಂಗ ಏರಿದಾಗ ತಂದದ್ದೂ ಚಿಕ್ಕ ಕೃತಿಗಳ ಮಾಲೆಯನ್ನೇ. ಭರತನಾಟ್ಯ, ಕಥಕ್ಕಳಿ, ಕಥಕ್ ಒಂದೇ ಸಂಜೆಯಲ್ಲಿ ಬಂದವು. 1960ರಲ್ಲಿ ಬ್ರಿಟನ್ನಿನ ಹೆಸರಾಂತ ಬ್ಯಾಲೆ ನರ್ತಕಿ ಅಲಿಸಿಯಾ ಮಾರ್ಕೊವಾ ಅವರೊಡನೆ ರಾಧಾ-ಕೃಷ್ಣರ ನೃತ್ಯವನ್ನೂ ಅವರು ಆಡಿದರು.

ತಂಡಗಳಿಗೆ ಇದು ಯಾಕೆ ಬೇಕು?

ಹಣದ ಲೆಕ್ಕ ನೋಡಿದರೆ ದೊಡ್ಡ ಕಥೆಯ ಬ್ಯಾಲೆಗಳೇ ವಾಸಿ. ಗೊತ್ತಿರುವ ಹೆಸರಿಗೆ ಟಿಕೆಟ್ ಬೇಗ ಖರ್ಚಾಗುತ್ತದೆ. ಮೂರು ಅಪರಿಚಿತ ಹೆಸರುಗಳ ಸಂಜೆಗೆ ಜನ ಹಿಂದೆಮುಂದೆ ನೋಡುತ್ತಾರೆ. ಆದರೂ ತಂಡಗಳು ಇದನ್ನು ಬಿಡುವುದಿಲ್ಲ, ಬಿಡಬಾರದು. ಹೊಸಬರ ಕೈಗೆ ಮೂರು ಅಂಕದ ಬ್ಯಾಲೆ, ಅದರ ಉಡುಗೆ, ಸೆಟ್ಟು, ಖರ್ಚು ಎಲ್ಲವನ್ನೂ ಒಮ್ಮೆಗೇ ಒಪ್ಪಿಸಲಾಗದು. ಇಪ್ಪತ್ತೈದು ನಿಮಿಷವನ್ನು ಒಪ್ಪಿಸಬಹುದು. ಅದು ಸೋತರೂ ಸಂಜೆಯ ಉಳಿದೆರಡು ಕೃತಿಗಳು ಅದನ್ನು ಹೊರುತ್ತವೆ. ಖಾನ್ ‘ಡಸ್ಟ್’ ಮಾಡಿದ ಎರಡು ವರ್ಷಕ್ಕೆ ಅದೇ ತಂಡ ಅವರಿಗೆ ಇಡೀ ರಾತ್ರಿಯ ‘ಜಿಸೆಲ್’ ಒಪ್ಪಿಸಿತು. ಚಿಕ್ಕ ಕೃತಿಯ ಬಾಗಿಲು ಮುಚ್ಚಿದರೆ ದೊಡ್ಡ ಕೃತಿಯೂ ಹುಟ್ಟುವುದಿಲ್ಲ. ಹಳೆಯದನ್ನು ಒಪ್ಪವಾಗಿ ಕಾಪಿಡುವ ಕೆಲಸವೊಂದೇ ಉಳಿಯುತ್ತದೆ. ಆದ್ದರಿಂದ ಇಂಥ ಸಂಜೆಗೆ ಕೊಟ್ಟ ಟಿಕೆಟ್ಟಿನ ಹಣ ಆ ಕಲೆಯ ನಾಳೆಗೆ ಸಲ್ಲುತ್ತದೆ ಎಂದೇ ನಾನು ನಂಬಿದ್ದೇನೆ.

ಹೋಗುವ ಮುನ್ನ

ಕೃತಿಗಳು ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತು ನಿಮಿಷದವು, ನಡುವೆ ಒಂದೋ ಎರಡೋ ವಿರಾಮ. ಮೊದಲೇ ಕಾರ್ಯಕ್ರಮ ಪಟ್ಟಿ ಓದಿ ಮೂರು ಸಂಗತಿ ನೆನಪಿಟ್ಟುಕೊಳ್ಳಿ: ಸಂಯೋಜಿಸಿದವರು ಯಾರು, ಸಂಗೀತ ಯಾರದು, ಯಾವ ವರ್ಷದ್ದು. ಆಗುವುದಾದರೆ ಮೂರರ ಸಂಗೀತವನ್ನೂ ಮನೆಯಲ್ಲೇ ಒಮ್ಮೆ ಕೇಳಿ. ಪರಿಚಿತ ಸಂಗೀತ ಅರ್ಧ ದಾರಿಯನ್ನು ತಾನೇ ನಡೆಸುತ್ತದೆ. ಮಗಳು ತೆಗೆದಿರುವುದು ಮೇಲಂತಸ್ತಿನ ಅಗ್ಗದ ಸೀಟಾಗಿದ್ದರೆ ಬೇಸರ ಬೇಡ. ಮುಖ ಚಿಕ್ಕದಾಗಿ ಕಂಡರೂ ಗುಂಪಿನ ವಿನ್ಯಾಸಗಳು ಮೇಲಿನಿಂದಲೇ ಚೆನ್ನಾಗಿ ಕಾಣುತ್ತವೆ. ಹಳೆಯ ಕೃತಿಗಳಲ್ಲಿ ಒಬ್ಬರ ಕುಣಿತ ಮುಗಿದಾಗ ನಡುವೆಯೇ ಚಪ್ಪಾಳೆ ತಟ್ಟುವ ರೂಢಿಯಿದೆ. ಹೊಸವುಗಳಲ್ಲಿ ಸಾಮಾನ್ಯವಾಗಿ ಕೊನೆಯವರೆಗೆ ಕಾಯುತ್ತಾರೆ. ಸುತ್ತಲಿನವರನ್ನು ನೋಡಿ ಹಾಗೆಯೇ ಮಾಡಿದರಾಯಿತು.

ಮೂರರಲ್ಲಿ ಒಂದು ಹಿಡಿಸದಿರಬಹುದು. ಹಿಡಿಸಲಿಲ್ಲ ಎಂದು ವಿರಾಮದಲ್ಲಿ ಮಗಳೊಡನೆ ಧಾರಾಳವಾಗಿ ಹೇಳಿ, ಯಾಕೆ ಎಂಬುದನ್ನೂ ಇಬ್ಬರೂ ಹುಡುಕಿ. ಮತ್ತೊಂದು ಕೆಲಸ ಮಾಡಿ: ಪಾತ್ರಧಾರಿಗಳ ಪಟ್ಟಿಯಲ್ಲಿ ಎರಡು ಕೃತಿಗಳಲ್ಲೂ ಬರುವ ಹೆಸರೊಂದನ್ನು ಹುಡುಕಿಟ್ಟುಕೊಳ್ಳಿ. ಹಳೆಯದರಲ್ಲಿ ಸಾಲಿನ ನಡುವೆ ಒಬ್ಬಳಾಗಿದ್ದವಳು ಹೊಸದರಲ್ಲಿ ಬರಿಗಾಲಲ್ಲಿ ನೆಲಕ್ಕೆ ಬಿದ್ದೇಳುತ್ತಿರಬಹುದು. ಆ ಒಬ್ಬಳನ್ನು ಎರಡೂ ಕಡೆ ಬಿಡದೆ ನೋಡಿ. ನಿಮ್ಮ ಪ್ರಶ್ನೆಗೆ ನಾನು ಇಲ್ಲಿ ಕೊಟ್ಟದ್ದಕ್ಕಿಂತ ಚೆನ್ನಾದ ಉತ್ತರ ಅವಳ ದೇಹ ಕೊಡುತ್ತದೆ, ಮತ್ತು ಮುಂದಿನ ಸಲ ಅವಳ ಹೆಸರು ನೋಡಿಯೇ ನೀವು ಟಿಕೆಟ್ ತೆಗೆಯುತ್ತೀರಿ.